ಕಾಮಿಕ್ಸ್ ಕಲಾವಿದರ ಮೂಲ ವರ್ಣಚಿತ್ರಗಳನ್ನು ಕೊಳ್ಳುವಾಗ ಏನನ್ನು ಗಮನಿಸಬೇಕು?

ಕಾಸರಗೋಡಿನಲ್ಲಿದ್ದುಕೊಂಡೇ ಕಾಮಿಕ್ಸ್ ಕಲಾವಿದರ ಮೂಲ ವರ್ಣಚಿತ್ರಗಳನ್ನು ಸಂಗ್ರಹಿಸಬಹುದೇ, ಕೊಳ್ಳುವಾಗ ಯಾವ ಎಚ್ಚರ ಬೇಕು ಎಂದು ತಾವು ಕೇಳಿದ್ದೀರಿ. ಬದಿಯಡ್ಕದ ಸಮೀಪದ ನನ್ನ ಮನೆಯಲ್ಲಿ ಅಂಥ ಕೆಲವು ಚಿತ್ರಗಳಿವೆ. ಆದ್ದರಿಂದ ಧೈರ್ಯವಾಗಿ ಹೌದು ಎನ್ನುತ್ತೇನೆ. ಆದರೆ ಬೆಲೆ ವಿಚಾರಿಸುವ ಮೊದಲು, ಚಿತ್ರವು ಪ್ರಕಾಶಕರ ಕೈಯಿಂದ ಹೊರಬಂದದ್ದು ಹೇಗೆಂದು ವಿಚಾರಿಸಬೇಕು.

ಹಳೆಯ ಕಾಮಿಕ್ಸ್‌ಗಳ ಒಳಪುಟಗಳು ಬಹುಮಟ್ಟಿಗೆ ಕಪ್ಪು ಶಾಯಿಯ ರೇಖೆಗಳು. ಬಣ್ಣ ಸೇರುತ್ತಿದ್ದುದು ಅಚ್ಚಿನ ಹಂತದಲ್ಲಿ. ಹೀಗಾಗಿ ವರ್ಣಚಿತ್ರವೆಂದರೆ ಹೆಚ್ಚಾಗಿ ಮುಖಪುಟವೇ. ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಕಥೆಗಳ ಒಳಚಿತ್ರಗಳು ಅಮೆರಿಕದವು, ಆದರೆ ಅನೇಕ ಮುಖಪುಟಗಳನ್ನು ಬರೆದವರು ನಮ್ಮ ದೇಶದವರೇ ಆದ ಬಿ. ಗೋವಿಂದ್. ಚಂದಮಾಮದ ಎಂ.ಟಿ.ವಿ. ಆಚಾರ್ಯರಂತಹವರ ಕೃತಿ ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದರೆ, ಸಂತೋಷಕ್ಕಿಂತ ಮೊದಲು ಸಂಶಯ ಹುಟ್ಟುವುದು ಒಳ್ಳೆಯದು.

ಭೂತಗನ್ನಡಿಯಲ್ಲಿ ನೋಡಿದಾಗ ಬಣ್ಣವು ಸಾಲುಸಾಲು ಚುಕ್ಕೆಗಳಾಗಿ ಒಡೆದರೆ ಅದು ಅಚ್ಚಿನ ಪ್ರತಿ. ಮೂಲಚಿತ್ರವು ಸಾಮಾನ್ಯವಾಗಿ ಪುಸ್ತಕಕ್ಕಿಂತ ದೊಡ್ಡದಿರುತ್ತದೆ. ಪೆನ್ಸಿಲ್ ಗೆರೆ, ಬಿಳಿ ಬಣ್ಣದಿಂದ ತಿದ್ದಿದ ಜಾಗ, ಶೀರ್ಷಿಕೆಗೆಂದು ಮೇಲೆ ಬಿಟ್ಟ ಖಾಲಿ ಸ್ಥಳ ಕಾಣಿಸಬಹುದು. ಚಿತ್ರವು ಯಾರ ಕೈಯಿಂದ ಯಾರ ಕೈಗೆ ಬಂತೆಂಬುದನ್ನು ಮಾರುವವರಿಂದ ಬರೆಸಿಕೊಳ್ಳಿ. ಚಿತ್ರ ಕೊಂಡ ಮಾತ್ರಕ್ಕೆ ಅದನ್ನು ಮುದ್ರಿಸುವ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 53ಎ ವಿಧಿಯಂತೆ, ಹಕ್ಕಿನ ಮೊದಲ ಒಡೆಯ ಕಲಾವಿದನೇ ಆಗಿದ್ದಲ್ಲಿ, 10,000 ರೂಪಾಯಿಗೆ ಮೀರಿದ ಮರುಮಾರಾಟದಲ್ಲಿ ಅವನಿಗೋ ವಾರಸುದಾರರಿಗೋ ಪಾಲು ಸಲ್ಲಬೇಕು. ಅದು ಶೇಕಡಾ 10ನ್ನು ಮೀರುವಂತಿಲ್ಲ. 2019ರಲ್ಲಿ ಅಮೆರಿಕದ ಕಾಮಿಕ್ಸ್ ಕಲಾವಿದ ಫ್ರಾಂಕ್ ಫ್ರಜೆಟಾರ ಒಂದು ಚಿತ್ರ 54 ಲಕ್ಷ ಡಾಲರಿಗೆ ಹೋಯಿತೆಂಬ ಸುದ್ದಿಯನ್ನು ನಮ್ಮ ಪೇಟೆಯ ಅಳತೆಗೋಲಾಗಿ ಹಿಡಿಯುವವರೊಡನೆ ವ್ಯವಹರಿಸದಿರುವುದೇ ಲೇಸು.

ಇನ್ನು ನಮ್ಮೂರಿನ ನಿಜವಾದ ಶತ್ರು ಮಳೆಗಾಲ. ಇಂಥ ಚಿತ್ರಗಳ ಪೋಸ್ಟರ್ ಬಣ್ಣ ನೀರಿಗೆ ಕರಗುವಂಥದ್ದು. ಆಟಿ ತಿಂಗಳ (ಜುಲೈ-ಆಗಸ್ಟ್) ತೇವಕ್ಕೆ ಅದು ಗಾಜಿಗೆ ಅಂಟಿಕೊಳ್ಳುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಗಾಜಿಗೂ ಚಿತ್ರಕ್ಕೂ ನಡುವೆ ಆಮ್ಲರಹಿತ ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ) ಅಂತರವಿರಲಿ. ಮಳೆ ಬಡಿಯುವ ಮುರಕಲ್ಲಿನ (ಜಂಬಿಟ್ಟಿಗೆಯ) ಹೊರಗೋಡೆಗೆ ತೂಗುಹಾಕದೆ ಒಳಗೋಡೆಯನ್ನು ಆರಿಸಿಕೊಳ್ಳಿ. ಲ್ಯಾಮಿನೇಷನ್ ಮಾಡಿಸಿದರೆ ಚಿಂತೆಯಿಲ್ಲ ಎಂದು ಚೌಕಟ್ಟಿನ ಅಂಗಡಿಯವರು ಎಷ್ಟೇ ಒತ್ತಾಯಿಸಿದರೂ ಒಪ್ಪಬೇಡಿ, ಏಕೆಂದರೆ ಒಮ್ಮೆ ಅಂಟಿದ ಆ ಪ್ಲಾಸ್ಟಿಕ್ ಹಾಳೆಯನ್ನು ಬಣ್ಣ ಕೀಳದಂತೆ ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು.