ಹಿನ್ನೀರಿನ ದಂಡೆಯಲ್ಲಿ ಟೆಂಟು, ಗಾಳ

ಪ್ರಶ್ನೆ: ಟೆಂಟ್ ಹಾಕಿ ಮಲಗಬೇಕು, ಮೀನು ಹಿಡಿಯಬೇಕು ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಒಂದು ಸಣ್ಣ ಉದ್ಯಾನವಿದೆ. ಕಲ್ಲುಬೆಂಚು, ಬೇವಿನ ಮರ ಬಿಟ್ಟರೆ ಏನೂ ಇಲ್ಲ. ಹೋಗಬಹುದಾ?
— ಓದುಗರೊಬ್ಬರು, ಇಳಕಲ್

ಉತ್ತರ: ಏನೂ ಇಲ್ಲ ಅಂದರೆ ಸ್ಪೀಕರ್ ಗದ್ದಲವೂ ಇಲ್ಲ ಅಲ್ವಾ? ಧಾರಾಳವಾಗಿ ಹೋಗಿ. ಆದರೆ ಡಿಸೆಂಬರ್, ಜನವರಿಯಲ್ಲಿ. ಮಳೆಗಾಲ ಬೇಡವೇ ಬೇಡ. ನಮ್ಮಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ನೀರು ಏರುತ್ತದೆ.

ಎರೆ ಮಣ್ಣಿನ ಮೇಲೆ ಟೆಂಟ್ ಹಾಕಬೇಡಿ, ಸ್ವಲ್ಪ ಹಸಿಯಾದರೂ ಚಪ್ಪಲಿ ಕಿತ್ತುಕೊಳ್ಳುತ್ತದೆ. ಗರಸು ನೆಲ ನೋಡಿ. ನೀರಿನಿಂದ ದೂರವೇ ಇರಲಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಇದು ಸುಮ್ನೆ ಹೆದರಿಸೋ ಮಾತಲ್ಲ. ಕತ್ತಲಾದ ಮೇಲೆ ಪಾತ್ರೆ ತೊಳೆಯಲು ದಂಡೆಗೆ ಇಳಿಯಬೇಡಿ. ಮೀನಿನ ಕರುಳನ್ನು ಅಲ್ಲೇ ಎಸೆಯಬೇಡಿ.

ಗಾಳ ಹಾಕುವ ಮುಂಚೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಂದು ಮಾತು ಕೇಳಿ. ರಾತ್ರಿ ತಂಗುವುದಕ್ಕೂ ಒಪ್ಪಿಗೆ ಬೇಕಾಗಬಹುದು. ನಾನು ಗೋಧಿ ಹಿಟ್ಟಿಗೆ ಶೇಂಗಾ ಹಿಂಡಿ ಬೆರೆಸಿ, ಗಟ್ಟಿಯಾಗಿ ನಾದಿ, ಬಟಾಣಿಯಷ್ಟು ಉಂಡೆ ಮಾಡಿ ಕೊಕ್ಕೆಗೆ ಸಿಕ್ಕಿಸುತ್ತೇನೆ. ಕೊಕ್ಕೆಯ ತುದಿ ಕಾಣಬಾರದು. ಕಾಟ್ಲಾ ಮೇಲ್ನೀರಲ್ಲಿ ಮೇಯುತ್ತದೆ, ಮೃಗಾಲ್ ತಳದಲ್ಲಿ, ರೋಹು ನಡುವೆ. ಅದಕ್ಕೆ ತಕ್ಕಂತೆ ಗಾಳದ ದಾರಕ್ಕೆ ಕಟ್ಟಿದ ತೇಲುವ ಬೆಂಡನ್ನು ಮೇಲೆ ಕೆಳಗೆ ಸರಿಸಿ.

ರಾತ್ರಿ ಊಟಕ್ಕೆ ಮೀನನ್ನೇ ನಂಬಬೇಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಜಾಸ್ತಿಯೇ ಕಟ್ಟಿಕೊಳ್ಳಿ.