ಹೊಸ ಟೀಚರೇ ಮೊದಲು ಯಾಕೆ?

ಪ್ರಶ್ನೆ: ನಾವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದೇವೆ. ಮಗಳ ಟೀಚರ್‌ಗೆ ಕೆಲಸ ಹೋಗುವ ನೋಟಿಸ್ ಬಂದಿದೆ. ತುಂಬಾ ಚೆನ್ನಾಗಿ ಕಲಿಸುತ್ತಾರೆ. ಹೊಸಬರು ಅಂತ ಅವರನ್ನೇ ತೆಗೆಯೋದು ಸರಿನಾ? ವೀಸಾದಲ್ಲಿರುವ ನಾನೇನು ಮಾಡಬಹುದು?

ಉತ್ತರ: ಇನ್ನೂ ಸಮಯವಿದೆ, ತಂಗಿ. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಮೊದಲ ನೋಟಿಸ್ ಮಾರ್ಚ್ 15ರೊಳಗೆ, ಕೊನೆಯದು ಮೇ 15ರೊಳಗೆ. ನಡುವೆ ಎಷ್ಟೋ ನೋಟಿಸ್ ವಾಪಸಾಗುತ್ತವೆ. ಸಾಮಾನ್ಯವಾಗಿ ಕೊನೆಗೆ ಸೇರಿದವರೇ ಮೊದಲು ಹೋಗಬೇಕು. ವಿದ್ಯಾರ್ಥಿಗಳು ಹೂಡಿದ್ದ ವೆರ್ಗಾರಾ ಮೊಕದ್ದಮೆಯಲ್ಲಿ 2014ರಲ್ಲಿ ಕೆಳಗಿನ ಕೋರ್ಟ್ ಈ ನಿಯಮವನ್ನು ರದ್ದು ಮಾಡಿತ್ತು. 2016ರಲ್ಲಿ ಮೇಲಿನ ಕೋರ್ಟ್ ಅದನ್ನು ಉಳಿಸಿತು.

ನಾನು 22 ವರ್ಷ ಮೇಷ್ಟ್ರಾಗಿದ್ದವನು. ಸೀನಿಯಾರಿಟಿ ಇಲ್ಲದಿದ್ದರೆ ಸಂಬಳ ಜಾಸ್ತಿಯಿರುವ ಹಳಬರ ಮೇಲೇ ಕಣ್ಣು ಬೀಳುತ್ತದೆ. ಆ ಭಯ ಸುಮ್ನೆ ಅಲ್ಲ. ಆದರೂ ಮಕ್ಕಳು ಹಚ್ಚಿಕೊಂಡ ಟೀಚರ್ ಹೊರಟಾಗ ಕರುಳು ಚುರುಕ್ಕೆನ್ನುತ್ತದೆ, ಅಲ್ವಾ?

ನಿಮ್ಮ ಊರಲ್ಲಿ ಪೌರತ್ವವಿಲ್ಲದ ತಂದೆತಾಯಿಯೂ ಶಾಲಾ ಮಂಡಳಿ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ) ಚುನಾವಣೆಗೆ ಮತ ಹಾಕಬಹುದು. 2016ರಲ್ಲಿ ಜನರೇ ಒಪ್ಪಿದ ನಿಯಮ ಅದು. ಅದಕ್ಕೆ ಹೆಸರು ನೋಂದಾಯಿಸುವ ಫಾರಂ ಬೇರೆ. ಅಪ್ಪಿತಪ್ಪಿಯೂ ಬೇರೆ ಚುನಾವಣೆಗೆ ಹಾಕಬೇಡಿ, ವೀಸಾಕ್ಕೇ ಕುತ್ತು. ಮೊದಲು ವಲಸೆ ವಕೀಲರನ್ನು ಕೇಳಿ. ಈಗಲಂತೂ ಮಂಡಳಿಯ ಸಭೆಗೆ ಹೋಗಿ ಆ ಟೀಚರ್ ಪರವಾಗಿ ಮಾತಾಡಿ. ಅಲ್ಲಿ ಯಾರೂ ಪೌರತ್ವ ಕೇಳುವುದಿಲ್ಲ.