ಹ್ಯುಮಿಡಿಫೈಯರ್‌ಗೆ ಯಾವ ನೀರು ಅಂತ ಕೇಳಿದ್ದಿರಿ

ಅಮೆರಿಕದ ಮಿನಿಯಾಪೋಲಿಸ್‌ನಲ್ಲಿ ನಿಮಗಿದು ಮೊದಲ ಚಳಿಗಾಲ. ಮಗುವಿನ ಕೋಣೆಗೆ ಹ್ಯುಮಿಡಿಫೈಯರ್, ಅಂದರೆ ಒಣ ಗಾಳಿಗೆ ತೇವ ತುಂಬುವ ಮಷಿನ್ ತಂದಿರಿ, ವಾರದೊಳಗೆ ಟಿವಿ, ಮೇಜು, ಎಲ್ಲದರ ಮೇಲೂ ಬಿಳಿ ಪುಡಿ. ಅಂಗಡಿಗೆ ಹೋದರೆ ಡಿಸ್ಟಿಲ್ಡ್, ಪ್ಯೂರಿಫೈಡ್, ಸ್ಪ್ರಿಂಗ್, ಡ್ರಿಂಕಿಂಗ್ ಅಂತ ಸಾಲು ಸಾಲು ಕ್ಯಾನ್. ಯಾವುದು ತಗೊಳ್ಳಲಿ, ಮೈಸೂರಿಂದ ತಂದ ತಾಮ್ರದ ಬಿಂದಿಗೆಯಲ್ಲಿ ತುಂಬಿಡಬಹುದಾ ಅಂತ ಕೇಳಿದ್ದೀರಿ.

ಡಿಸ್ಟಿಲ್ಡ್ ತಗೊಳ್ಳಿ. ಬಿಂದಿಗೆ ಬೇಡ.

ಊರಲ್ಲಿ ಬೋರ್ ನೀರಿನ ಬಕೆಟ್‌ಗೆ, ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುತ್ತದಲ್ಲ, ಈ ಪುಡಿಯೂ ಅದೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ನಿಮ್ಮದು ಅಲ್ಟ್ರಾಸಾನಿಕ್ ಮಷಿನ್. ಅದು ನೀರು ಕಾಯಿಸುವುದಿಲ್ಲ, ನಡುಗಿಸಿ ಸಣ್ಣ ಹನಿಗಳಾಗಿ ಗಾಳಿಗೆ ಎರಚುತ್ತದೆ. ಹನಿ ಒಣಗಿದ ಮೇಲೆ ಲವಣ ಗಾಳಿಯಲ್ಲೇ ಉಳಿಯುತ್ತದೆ. ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದರೆ ಅದೂ ಹನಿಯ ಜೊತೆಗೇ ಹೊರಗೆ ಬರುತ್ತದೆ. ನೀರು ಕುದಿಸಿ ಆರಿಸಿ ಹಾಕಿದರೆ ಸಾಲದಾ ಅನ್ನಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಲವಣ ಪೂರ್ತಿ ಹೋಗುವುದಿಲ್ಲ. ಜಗ್‌ಗೆ ಹಾಕುವ ಇದ್ದಿಲಿನ ಫಿಲ್ಟರ್ ಕ್ಲೋರಿನ್ ವಾಸನೆ ತೆಗೆಯುತ್ತದೆ, ಲವಣವನ್ನು ಪೂರ್ತಿ ತೆಗೆಯುವುದಿಲ್ಲ. ಬೇಸ್‌ಮೆಂಟ್‌ನಲ್ಲಿ ವಾಟರ್ ಸಾಫ್ಟನರ್ ಇದೆ ಅಂದರೂ ಅಷ್ಟೇ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಪುಡಿ ಬಂದೇ ಬರುತ್ತದೆ.

ಕ್ಯಾನ್ ವಿಷಯ. ಸ್ಪ್ರಿಂಗ್ ವಾಟರ್‌ನಲ್ಲಿ ಲವಣ ಇದ್ದೇ ಇರುತ್ತದೆ. ಪ್ಯೂರಿಫೈಡ್ ಅಂದರೆ ಆರ್‌ಒ ಮಾಡಿದ್ದಿರಬಹುದು, ಆದರೆ ಕೆಲವು ಕಂಪನಿಗಳು ರುಚಿಗೆ ಅಂತ ಮತ್ತೆ ಲವಣ ಸೇರಿಸುತ್ತವೆ. ಲೇಬಲ್ ಓದಿ. ಡಿಸ್ಟಿಲ್ಡ್ ಅಂದರೆ ಆವಿ ಮಾಡಿ ಮತ್ತೆ ತಣಿಸಿ ಹಿಡಿದ ನೀರು. ಊರಲ್ಲಿ ಯುಪಿಎಸ್ ಬ್ಯಾಟರಿಗೆ ಹಾಕುತ್ತಿದ್ದದ್ದು ಇದೇ ಜಾತಿಯದು. ಹಾಗಂತ ಇಲ್ಲಿ ಬ್ಯಾಟರಿಗೆ ಅಂತ ಮಾರುವುದನ್ನು ತರಬೇಡಿ, ದಿನಸಿ ಅಂಗಡಿಯ ಗ್ಯಾಲನ್ ಕ್ಯಾನೇ ಸಾಕು.

ಆದರೆ ದಿನಕ್ಕೊಂದು ಗ್ಯಾಲನ್, ಅಂದರೆ 3.8 ಲೀಟರ್ ಖರ್ಚಾದರೆ ತಿಂಗಳ ಲೆಕ್ಕ ಜೋರಾಗಿಯೇ ಬರುತ್ತದೆ. ಮಂಜಿನಲ್ಲಿ ಕ್ಯಾನ್ ಹೊರುವ ಕೆಲಸ ಬೇರೆ. ಮನೆಯಲ್ಲೇ ಡಿಸ್ಟಿಲ್ ಮಾಡುವ ಮಷಿನ್ ಸಿಗುತ್ತದೆ, ಒಂದು ಗ್ಯಾಲನ್‌ಗೆ ಸುಮಾರು 3 ಯೂನಿಟ್ ಕರೆಂಟ್. ನನ್ನನ್ನು ಕೇಳಿದರೆ, ಮುಂದಿನ ಸಲ ಬತ್ತಿ ಇರುವ ಮಷಿನ್ ಕೊಳ್ಳಿ. ಒದ್ದೆ ಬತ್ತಿಯ ಮೇಲೆ ಫ್ಯಾನ್ ಗಾಳಿ ಊದುತ್ತದೆ, ನೀರು ಮಾತ್ರ ಆವಿಯಾಗುತ್ತದೆ, ಲವಣ ಬತ್ತಿಯಲ್ಲೇ ನಿಲ್ಲುತ್ತದೆ. ನಲ್ಲಿ ನೀರೇ ನಡೆಯುತ್ತದೆ. ಆಗಾಗ ಬತ್ತಿ ಬದಲಾಯಿಸಬೇಕು, ಅಷ್ಟೇ.

ಇನ್ನು ಇಡುವುದು. ತಾಮ್ರ ಯಾಕೆ ಬೇಡ ಅಂದರೆ, ಲವಣವೇ ಇಲ್ಲದ ನೀರು ಲೋಹವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಆಮೇಲೆ ನೀವು ದುಡ್ಡು ಕೊಟ್ಟು ತಂದ ಶುದ್ಧ ನೀರಿಗೆ ಅರ್ಥ ಏನು ಬಂತು? ಬಂದ ಕ್ಯಾನಿನಲ್ಲೇ ಮುಚ್ಚಳ ಬಿಗಿ ಮಾಡಿ, ಬಿಸಿಲು ಬೀಳದ ಕಡೆ ಇಡಿ. ಪೆಟ್ರೋಲು, ಪೇಂಟು, ಫಿನಾಯಿಲ್ ಹತ್ತಿರ ಬೇಡ, ಪ್ಲಾಸ್ಟಿಕ್ ವಾಸನೆ ಎಳೆದುಕೊಳ್ಳುತ್ತದೆ. ಹೀಟಿಂಗ್ ಇಲ್ಲದ ಗ್ಯಾರೇಜ್ ಅಂತೂ ಬೇಡವೇ ಬೇಡ. ಜನವರಿಯಲ್ಲಿ ನೀರು ಹೆಪ್ಪುಗಟ್ಟಿ ಕ್ಯಾನ್ ಒಡೆಯುತ್ತದೆ. ಮುಚ್ಚಳ ತೆರೆಯದ ಕ್ಯಾನ್ ಬಹಳ ದಿನ ಇರುತ್ತದೆ, ತೆರೆದದ್ದನ್ನು ಬೇಗ ಮುಗಿಸಿ. ಲೇಬಲ್ ಮೇಲೆ ಡಿಸ್ಟಿಲ್ಡ್ ಅಂತ ಬರೆದ ಮಾತ್ರಕ್ಕೆ ಅದರಲ್ಲಿ ಏನೂ ಬೆಳೆಯುವುದಿಲ್ಲ ಅಂತಲ್ಲ.

ಇದನ್ನೇ ಜನ ಮರೆಯುವುದು. ಒಳ್ಳೆಯ ನೀರು ಹಾಕಿದ್ದೀವಲ್ಲ ಅಂತ ಟ್ಯಾಂಕ್ ತೊಳೆಯುವುದಿಲ್ಲ, ಉಳಿದದ್ದರ ಮೇಲೇ ಸುರಿಯುತ್ತಾರೆ. ಬೆರಳಾಡಿಸಿದರೆ ಲೋಳೆ. ದಿನಾ ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಒರೆಸಿ, ಒಣಗಲು ಬಿಡಿ. ಮೂರು ದಿನಕ್ಕೊಮ್ಮೆ ಚೆನ್ನಾಗಿ ತಿಕ್ಕಿ ತೊಳೆಯಿರಿ ಅನ್ನುವುದು ಇಲ್ಲಿನ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಸಲಹೆ. ಬಿಳಿ ಪದರಕ್ಕೆ ವಿನೆಗರ್ ಸಾಕು. ವಿನೆಗರ್ ಮತ್ತು ಬ್ಲೀಚ್ ಮಾತ್ರ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಟ್ಯಾಂಕಿಗೆ ನೀರು ಬಿಟ್ಟು ಬೇರೇನೂ ಬೇಡ. ನೀಲಗಿರಿ ಎಣ್ಣೆ ಹನಿಯೂ ಬೇಡ. ದಕ್ಷಿಣ ಕೊರಿಯಾದಲ್ಲಿ ಹ್ಯುಮಿಡಿಫೈಯರ್ ನೀರಿಗೆ ಹಾಕುವ ಕ್ರಿಮಿನಾಶಕ ವರ್ಷಗಟ್ಟಲೆ ಮಾರಾಟವಾಯಿತು. ಅದನ್ನು ಉಸಿರಾಡಿ ಶ್ವಾಸಕೋಶ ಹಾಳಾಗಿ ಸತ್ತವರಲ್ಲಿ ಮಕ್ಕಳೂ ಇದ್ದರು. ಕಾರಣ ಗೊತ್ತಾದದ್ದು 2011ರಲ್ಲಿ.

ಅಂದ ಹಾಗೆ, ಜಲನೇತಿ, ಅಂದರೆ ಮೂಗಿಗೆ ನೀರು ಬಿಟ್ಟು ತೊಳೆಯುವ ಅಭ್ಯಾಸ ಇದ್ದರೆ ಅದಕ್ಕೂ ಹೊಸದಾಗಿ ತೆರೆದ ಡಿಸ್ಟಿಲ್ಡ್ ನೀರು ಅಥವಾ ಕುದಿಸಿ ಆರಿಸಿದ ನೀರೇ ಆಗಬೇಕು. 2011ರಲ್ಲೇ ಇಲ್ಲಿನ ಲೂಯಿಸಿಯಾನಾ ರಾಜ್ಯದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಅಮೀಬಾ ಮೆದುಳಿಗೆ ಹತ್ತಿ ಸತ್ತರು. ಅಪರೂಪ, ನಿಜ. ಆದರೂ ಸುಮ್ನೆ ಯಾಕೆ?

ಕೊನೆಗೆ ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ತಗೊಳ್ಳಿ, ಜಾಸ್ತಿ ದುಡ್ಡಿನದಲ್ಲ. ಹೊರಗೆ ಮೈನಸ್ 15 ಇದ್ದಾಗ ಆ ಗಾಳಿಯನ್ನು ಒಳಗೆ 21 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇಕಡಾ 10 ಕೂಡ ಉಳಿಯುವುದಿಲ್ಲ. ಅದಕ್ಕೇ ಮೂಗು ಒಡೆಯುವುದು. 30ರಿಂದ 50 ಇದ್ದರೆ ಹಿತ. ಕೊರೆಯುವ ಚಳಿಯಲ್ಲಿ 30ರ ಹತ್ತಿರವೇ ಇರಲಿ, ಕಿಟಕಿ ಗಾಜಿನ ಒಳಗಡೆ ನೀರು ಇಳಿಯತೊಡಗಿದರೆ ಇನ್ನೂ ಕಡಿಮೆ ಮಾಡಿ, ಇಲ್ಲದಿದ್ದರೆ ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅನ್ನ, ಸಾರು ಕುದಿಯುವ ಮನೆಯಲ್ಲಿ ಸಂಜೆ ಹೊತ್ತು ತೇವಾಂಶ ತಾನಾಗೇ ಏರುತ್ತದೆ. ನೋಡಿಕೊಂಡು ಮಷಿನ್ ಹಾಕಿ.